ಕಂಪನ ತೊಲೆ ಜೈವಿಕ ಸಂವೇದಕ

ಕಂಪನ ತೊಲೆ ಜೈವಿಕ ಸಂವೇದಕ: ಸಿಲಿಕಾನ್ ಮೊದಲಾದ ವಸ್ತುಗಳಿಂದ ಮೈಕ್ರೊಮೀಟರ್ ಅಥವಾ ನ್ಯಾನೊಮೀಟರ್ ಅಳತೆಯಲ್ಲಿ ತಯಾರಿಸಿದ ತೊಲೆಯನ್ನು ಅದರ ಸಹಜ ಆವೃತ್ತಿಯಲ್ಲಿ ಕಂಪಿಸುವಂತೆ ಮಾಡಿ, ಅದರ ಮೇಲೆ ಅಥವಾ ಒಳಗೆ ಜೀವಕೋಶ, ಬ್ಯಾಕ್ಟೀರಿಯಾ, ವೈರಸ್, ಪ್ರೋಟೀನ್, ಡಿಎನ್‌ಎ ಮುಂತಾದುವು ಸೇರಿದಾಗ ಆವೃತ್ತಿಯಲ್ಲಾಗುವ ಬದಲಾವಣೆಯಿಂದ ಅವುಗಳ ಇರವನ್ನೂ ದ್ರವ್ಯರಾಶಿಯನ್ನೂ ತಿಳಿಯುವ ಸಾಧನ. ಇದು ಸೂಕ್ಷ್ಮ ವಿದ್ಯುತ್-ಯಾಂತ್ರಿಕ ವ್ಯವಸ್ಥೆಗಳ (ಮೆಮ್ಸ್) ಮತ್ತು ನ್ಯಾನೊ ವಿದ್ಯುತ್-ಯಾಂತ್ರಿಕ ವ್ಯವಸ್ಥೆಗಳ (ನೆಮ್ಸ್) ವರ್ಗಕ್ಕೆ ಸೇರಿದೆ. ಬಣ್ಣ ಕಟ್ಟದೆ, ಹೊಳೆಯುವ ಗುರುತು ಹಚ್ಚದೆ, ವಸ್ತುವಿನ ತೂಕವನ್ನೇ ಗುರುತಾಗಿ ಬಳಸುವುದು ಈ ವಿಧಾನದ ಮುಖ್ಯ ಲಕ್ಷಣ.

ಪರಿಭಾಷೆ ಮತ್ತು ಏಕಮಾನಗಳು

ಒಂದು ತುದಿ ಆಧಾರಕ್ಕೆ ಬಂಧಿತವಾಗಿ, ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿರುವ ತೊಲೆ ಚಾಚುತೊಲೆ ಅಥವಾ ಕ್ಯಾಂಟಿಲಿವರ್. ಎರಡೂ ತುದಿ ಬಂಧಿತವಾಗಿರುವುದು ಸೇತುತೊಲೆ. ಹೊರಗಿನ ಒತ್ತಾಯವಿಲ್ಲದೆ ಬಿಟ್ಟರೆ ತೊಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೋ ಅದು ಸಹಜ ಆವೃತ್ತಿ. ಅದೇ ಆವೃತ್ತಿಯಲ್ಲಿ ಹೊರಗಿನಿಂದ ಅಲುಗಿಸಿದಾಗ ಕಂಪನ ಅತಿ ಹೆಚ್ಚಾಗುವ ಸ್ಥಿತಿ ಅನುರಣನ. ಒಂದು ಆವರ್ತನದಲ್ಲಿ ಕಂಪನ ಎಷ್ಟು ಕಡಿಮೆ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದನ್ನು ಕ್ಯೂ ಬೆಲೆ ಸೂಚಿಸುತ್ತದೆ. ಕ್ಯೂ ಹೆಚ್ಚಿದ್ದಷ್ಟೂ ಅನುರಣನದ ಶಿಖರ ಚೂಪಾಗಿ, ಆವೃತ್ತಿಯ ಸಣ್ಣ ಬದಲಾವಣೆಯೂ ಕಾಣಿಸುತ್ತದೆ.

ಅಳತೆಗೆ ಬರುವ ರಾಶಿಗಳು ಗ್ರಾಮಿನ ಅತಿ ಸಣ್ಣ ಭಾಗಗಳು. ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ ಪಿಕೋಗ್ರಾಂ. ಅಲ್ಲಿಂದ ಮುಂದೆ ಸಾವಿರದಲ್ಲಿ ಒಂದರಂತೆ ಇಳಿಯುತ್ತ ಫೆಮ್ಟೋಗ್ರಾಂ, ಆಟೋಗ್ರಾಂ, ಝೆಪ್ಟೋಗ್ರಾಂ, ಯೋಕ್ಟೋಗ್ರಾಂ ಬರುತ್ತವೆ. ಮನುಷ್ಯನ ಕೆಂಪು ರಕ್ತಕಣದ ರಾಶಿ ಸುಮಾರು 100 ಪಿಕೋಗ್ರಾಂ, ಇ. ಕೋಲಿ ಬ್ಯಾಕ್ಟೀರಿಯಾದ್ದು ಸುಮಾರು 1 ಪಿಕೋಗ್ರಾಂ. 1,50,000 ಡಾಲ್ಟನ್ ತೂಗುವ ಒಂದು ಪ್ರತಿಕಾಯದ ಅಣು ಸುಮಾರು 250 ಝೆಪ್ಟೋಗ್ರಾಂ. ಒಂದು ಡಾಲ್ಟನ್ ಎಂದರೆ ಸುಮಾರು 1.66 ಯೋಕ್ಟೋಗ್ರಾಂ, ಪ್ರೋಟಾನಿನ ರಾಶಿಯೂ ಹೆಚ್ಚು ಕಡಿಮೆ ಇಷ್ಟೇ.

ತತ್ತ್ವ

ತೊಲೆಯನ್ನು ಒಂದು ಸ್ಪ್ರಿಂಗ್ ಮತ್ತು ಅದಕ್ಕೆ ಕಟ್ಟಿದ ರಾಶಿ ಎಂದು ಭಾವಿಸಬಹುದು. ಅದರ ಸಹಜ ಆವೃತ್ತಿ ಬಿಗುವಿನ ವರ್ಗಮೂಲಕ್ಕೆ ಅನುಲೋಮವಾಗಿಯೂ ರಾಶಿಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ಬಿಗುವು ಬದಲಾಗದೆ ರಾಶಿ ಮಾತ್ರ ಹೆಚ್ಚಿದರೆ ಆವೃತ್ತಿ ಇಳಿಯುತ್ತದೆ. ಮೃದಂಗದ ಎಡಭಾಗಕ್ಕೆ ಕಲಸಿದ ರವೆ ಮೆತ್ತಿದಾಗ ನಾದ ತಗ್ಗುವುದಕ್ಕೂ ಕಾರಣ ಇದೇ. ಕಂಪಿಸುವ ಪೊರೆಗೆ ಹೇರಿದ ರಾಶಿ ಅದರ ಸ್ವರಗಳನ್ನು ಹೇಗೆ ಹೊಂದಿಸುತ್ತದೆಂಬುದನ್ನು ಸಿ. ವಿ. ರಾಮನ್ 1920ರಲ್ಲಿಯೂ 1934ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ಭಾರತೀಯ ಚರ್ಮವಾದ್ಯಗಳನ್ನು ಮುಂದಿಟ್ಟುಕೊಂಡು ವಿವರಿಸಿದ್ದರು.

ಅಂಟಿದ ರಾಶಿ ತೊಲೆಯ ರಾಶಿಗಿಂತ ಬಹಳ ಕಡಿಮೆಯಿದ್ದಾಗ ಲೆಕ್ಕ ಸರಳವಾಗುತ್ತದೆ: ಆವೃತ್ತಿಯಲ್ಲಿ ಎಷ್ಟು ಪಾಲು ಇಳಿತವಾಯಿತೋ ಅದು ತೊಲೆಯ ಪರಿಣಾಮಕಾರಿ ರಾಶಿಯಲ್ಲಿ ಆದ ಪಾಲು ಹೆಚ್ಚಳದ ಅರ್ಧ. ಕ್ಯಾಂಟಿಲಿವರಿನ ಬುಡ ಅಲುಗುವುದೇ ಇಲ್ಲವಾದ್ದರಿಂದ ಅದರ ಇಡೀ ರಾಶಿ ಲೆಕ್ಕಕ್ಕೆ ಬರುವುದಿಲ್ಲ; ತುದಿಯನ್ನು ಆಧಾರವಾಗಿ ಹಿಡಿದರೆ ಪರಿಣಾಮಕಾರಿ ರಾಶಿ ಒಟ್ಟು ರಾಶಿಯ ಸುಮಾರು ನಾಲ್ಕನೇ ಒಂದು ಭಾಗ.

ಉದಾಹರಣೆಗೆ 100 ಮೈಕ್ರೊಮೀಟರ್ ಉದ್ದ, 20 ಮೈಕ್ರೊಮೀಟರ್ ಅಗಲ, 1 ಮೈಕ್ರೊಮೀಟರ್ ದಪ್ಪದ ಸಿಲಿಕಾನ್ ಕ್ಯಾಂಟಿಲಿವರನ್ನು ತೆಗೆದುಕೊಳ್ಳಬಹುದು. ಅದರ ಒಟ್ಟು ರಾಶಿ ಸುಮಾರು 4.7 ನ್ಯಾನೊಗ್ರಾಂ, ಮೊದಲ ಸಹಜ ಆವೃತ್ತಿ ಸುಮಾರು 138 ಕಿಲೋಹರ್ಟ್ಸ್. ತುದಿಯಲ್ಲಿ 1 ಪಿಕೋಗ್ರಾಂ ತೂಗುವ ಒಂದು ಇ. ಕೋಲಿ ಕುಳಿತರೆ ಆವೃತ್ತಿ ಸುಮಾರು 60 ಹರ್ಟ್ಸ್ ಇಳಿಯುತ್ತದೆ. ಇದು ಅಳೆಯಬಲ್ಲ ಬದಲಾವಣೆ. ಅದೇ ತುದಿಗೆ ಒಂದೇ ಒಂದು ಪ್ರತಿಕಾಯದ ಅಣು ಅಂಟಿದರೆ ಆಗುವ ಬದಲಾವಣೆ ಹರ್ಟ್ಸಿನ ಲಕ್ಷದಲ್ಲಿ ಎರಡು ಭಾಗಕ್ಕಿಂತ ಕಡಿಮೆ. ಈ ತೊಲೆ ಅದನ್ನು ಕಾಣಲಾರದು.

ಪರಿಹಾರ ತೊಲೆಯನ್ನು ಕಿರಿದಾಗಿಸುವುದು. ಉದ್ದ, ಅಗಲ, ದಪ್ಪ ಮೂರನ್ನೂ ಹತ್ತನೇ ಒಂದಕ್ಕೆ ಇಳಿಸಿದರೆ ರಾಶಿ ಸಾವಿರದಲ್ಲಿ ಒಂದಾಗುತ್ತದೆ, ಆವೃತ್ತಿ ಹತ್ತುಪಟ್ಟಾಗುತ್ತದೆ. ಹೀಗೆ ಅದೇ ಕಣ ಉಂಟುಮಾಡುವ ಆವೃತ್ತಿ ಬದಲಾವಣೆ ಹತ್ತುಸಾವಿರ ಪಟ್ಟು ಹೆಚ್ಚುತ್ತದೆ. ಈ ಕ್ಷೇತ್ರ ಮೈಕ್ರೊದಿಂದ ನ್ಯಾನೊ ಅಳತೆಗೆ ಬಹುಬೇಗ ಇಳಿದದ್ದು ಈ ಲೆಕ್ಕದ ಬಲದಿಂದ.

ಹಿನ್ನೆಲೆ

ಬಾಗುವ ತೊಲೆಯ ಗಣಿತ ಹದಿನೆಂಟನೆಯ ಶತಮಾನದ್ದು; ಲೆನಾರ್ಡ್ ಆಯ್ಲರ್ ಮತ್ತು ಡೇನಿಯಲ್ ಬರ್ನೂಲಿ ರೂಪಿಸಿದ ಸಿದ್ಧಾಂತವೇ ಇಂದಿಗೂ ಬಳಕೆಯಲ್ಲಿದೆ. ಲೋಹದ ತೆಳುಪದರ ಕೂರಿಸಿದ ಪಟ್ಟಿ ಬಾಗುವುದನ್ನು ಜಿ. ಜಿ. ಸ್ಟೋನಿ 1909ರಲ್ಲಿ ಅಧ್ಯಯನ ಮಾಡಿ ಕೊಟ್ಟ ಸಮೀಕರಣ ಮುಂದೆ ಬಾಗುವಿಕೆ ಆಧಾರಿತ ಸಂವೇದಕಗಳಿಗೆ ಅಡಿಪಾಯವಾಯಿತು.

ಕಂಪನದಿಂದ ತೂಕ ಅಳೆಯುವ ವಿಧಾನವನ್ನು ಪ್ರಯೋಗಾಲಯಗಳಲ್ಲಿ ನೆಲೆಗೊಳಿಸಿದ್ದು ಜರ್ಮನಿಯ ಗುಂಟರ್ ಸಾವರ್‌ಬ್ರೈ 1959ರಲ್ಲಿ ವಿವರಿಸಿದ ಸ್ಫಟಿಕ ಸೂಕ್ಷ್ಮತಕ್ಕಡಿ. ಕ್ವಾರ್ಟ್ಸ್ ಬಿಲ್ಲೆಯ ಮೇಲೆ ಕೂತ ಪದರದ ರಾಶಿಗೂ ಬಿಲ್ಲೆಯ ಆವೃತ್ತಿಯ ಇಳಿತಕ್ಕೂ ನೇರ ಅನುಪಾತವಿದೆಯೆಂದು ಅವರು ತೋರಿಸಿದರು. 5 ಮೆಗಾಹರ್ಟ್ಸಿನ ಬಿಲ್ಲೆಯಲ್ಲಿ ಒಂದು ಹರ್ಟ್ಸ್ ಇಳಿತವೆಂದರೆ ಚದರ ಸೆಂಟಿಮೀಟರಿಗೆ ಸುಮಾರು 17.7 ನ್ಯಾನೊಗ್ರಾಂ ಕೂಡಿಕೆ. ತೆಳುಪದರಗಳ ಅಳತೆಗೆ ಇದು ಇಂದಿಗೂ ಬಳಕೆಯಲ್ಲಿದೆ. ಒಂಟಿ ಜೀವಕೋಶದ ಅಳತೆಗೆ ಮಾತ್ರ ಬಿಲ್ಲೆ ತೀರಾ ದೊಡ್ಡದು.

ಸಿಲಿಕಾನಿನ ಮೇಲೆ ಕಂಪಿಸುವ ಲೋಹದ ತೊಲೆಯನ್ನು ಎಚ್. ಸಿ. ನೇಥನ್‌ಸನ್ ಮತ್ತು ಸಂಗಡಿಗರು 1967ರಲ್ಲಿ ವಿವರಿಸಿದರು. ಅದರ ಉದ್ದೇಶ ವಿದ್ಯುತ್ ಸಂಕೇತಗಳ ಸೋಸುವಿಕೆ. ಜೀವವಿಜ್ಞಾನದ ಕಡೆಗೆ ತಿರುವು ಬಂದದ್ದು 1986ರಲ್ಲಿ ಗರ್ಡ್ ಬಿನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟಾಫ್ ಗರ್ಬರ್ ಪ್ರಕಟಿಸಿದ ಪರಮಾಣು ಬಲ ಸೂಕ್ಷ್ಮದರ್ಶಕದ ಮೂಲಕ. ಆ ಉಪಕರಣದಲ್ಲಿ ವಸ್ತುವಿನ ಮೇಲ್ಮೈಯನ್ನು ಮುಟ್ಟಿ ನೋಡುವ ಅಂಗವೇ ಒಂದು ಕ್ಯಾಂಟಿಲಿವರ್. ಒಂದೇ ತೆರನ ಕ್ಯಾಂಟಿಲಿವರುಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ಮಾರಾಟಕ್ಕೆ ಬಂದದ್ದರಿಂದ ಅವನ್ನು ಬೇರೆ ಕೆಲಸಕ್ಕೆ ಬಳಸುವುದು ಸುಲಭವಾಯಿತು. 1994ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಥಾಮಸ್ ತುಂಡತ್ ಮತ್ತು ಸಂಗಡಿಗರು ಈ ಕ್ಯಾಂಟಿಲಿವರುಗಳು ತೇವ ಮತ್ತು ತಾಪಕ್ಕೆ ಸ್ಪಂದಿಸುವುದನ್ನು ವರದಿಮಾಡಿದರು. ಸೂಕ್ಷ್ಮದರ್ಶಕಕ್ಕೆ ತೊಡಕಾಗಿದ್ದ ಈ ಗುಣ ಸಂವೇದಕಕ್ಕೆ ಆಧಾರವಾಯಿತು. ಅದೇ ವರ್ಷ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಜೇಮ್ಸ್ ಗಿಮ್ಜೆವ್‌ಸ್ಕಿ ಮತ್ತು ಸಂಗಡಿಗರು ರಾಸಾಯನಿಕ ಕ್ರಿಯೆಯೊಂದರ ಶಾಖವನ್ನು ಕ್ಯಾಂಟಿಲಿವರಿನಿಂದ ಅಳೆದರು.

ಜೈವಿಕ ಅಳತೆಯ ಎರಡು ಕವಲುಗಳು 2000ದಲ್ಲಿ ಸ್ಪಷ್ಟವಾದವು. ಐಬಿಎಂ ಜ್ಯೂರಿಕ್ ಮತ್ತು ಬಾಸೆಲ್ ವಿಶ್ವವಿದ್ಯಾಲಯದ ತಂಡ, ಡಿಎನ್‌ಎ ಎಳೆಗಳು ತಮ್ಮ ಜೋಡಿಯನ್ನು ಕೂಡಿಕೊಂಡಾಗ ಕ್ಯಾಂಟಿಲಿವರ್ ಸುಮಾರು 10 ನ್ಯಾನೊಮೀಟರ್ ಬಾಗುವುದನ್ನು ಕಂಡಿತು. 12 ಪ್ರತ್ಯಾಮ್ಲಗಳ ಎಳೆಯಲ್ಲಿ ಒಂದೇ ಒಂದು ಬೇರೆಯಾದರೂ ಅದು ಪತ್ತೆಯಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಕ್ರೇಗ್‌ಹೆಡ್ ಅವರ ತಂಡ ಸಿಲಿಕಾನ್ ನೈಟ್ರೈಡ್ ಕ್ಯಾಂಟಿಲಿವರುಗಳಿಗೆ ಪ್ರತಿಕಾಯ ಲೇಪಿಸಿ, ಆಹಾರದಿಂದ ರೋಗ ತರುವ ಇ. ಕೋಲಿ ಒ157:ಎಚ್7 ಜೀವಕೋಶಗಳು ಹಿಡಿದುಕೊಂಡಾಗ ಆವೃತ್ತಿ ಇಳಿಯುವುದನ್ನು ತೋರಿಸಿತು. ಮೊದಲನೆಯದು ಬಾಗುವಿಕೆಯ ಮಾರ್ಗ, ಎರಡನೆಯದು ಕಂಪನದ ಮಾರ್ಗ. ಈ ಲೇಖನದ ವಿಷಯ ಎರಡನೆಯದು.

2004ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ರಶೀದ್ ಬಶೀರ್ ಅವರ ತಂಡ 30 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಕ್ಯಾಂಟಿಲಿವರುಗಳ ಮೇಲೆ ಒಂಟಿ ವ್ಯಾಕ್ಸಿನಿಯಾ ವೈರಸ್ ಕಣಗಳನ್ನು ತೂಗಿತು. ಕಣದ ಸರಾಸರಿ ಒಣ ರಾಶಿ 9.5 ಫೆಮ್ಟೋಗ್ರಾಂ ಎಂದು ಬಂದಿತು. ಮರುವರ್ಷ ಕಾರ್ನೆಲ್ ತಂಡ ತೊಲೆಗೆ ಅಂಟಿದ ಡಿಎನ್‌ಎ ಅಣುಗಳನ್ನು ಎಣಿಸಿತು.

ರಚನೆ ಮತ್ತು ತಯಾರಿಕೆ

ತೊಲೆಗಳನ್ನು ತಯಾರಿಸುವುದು ಎಲೆಕ್ಟ್ರಾನಿಕ್ ಚಿಪ್‌ಗಳ ತಂತ್ರದಿಂದಲೇ. ಸಿಲಿಕಾನ್ ಬಿಲ್ಲೆಯ ಮೇಲೆ ತೊಲೆಯಾಗಬೇಕಾದ ಪದರವನ್ನು ಬೆಳೆಸಿ, ಬೆಳಕಿಗೆ ಸ್ಪಂದಿಸುವ ಲೇಪದ ಮೂಲಕ ಆಕಾರವನ್ನು ಮುದ್ರಿಸಿ, ಬೇಡದ ಭಾಗವನ್ನು ರಾಸಾಯನಿಕಗಳಿಂದ ಇಲ್ಲವೆ ಪ್ಲಾಸ್ಮಾದಿಂದ ಕೊರೆಯಲಾಗುತ್ತದೆ. ಕೊನೆಯಲ್ಲಿ ತೊಲೆಯ ಅಡಿಯ ಪದರವನ್ನು ಕರಗಿಸಿ ತೊಲೆಯನ್ನು ಬಿಡಿಸುತ್ತಾರೆ. ಈ ಹಂತದಲ್ಲಿ ತೊಳೆದ ದ್ರವ ಆರುವಾಗ ಅದರ ಮೇಲ್ಮೈ ಎಳೆತ ತೊಲೆಯನ್ನು ತಳಕ್ಕೆ ಎಳೆದು ಅಂಟಿಸಿಬಿಡುವ ಅಪಾಯವಿದೆ. ದ್ರವಕ್ಕೂ ಅನಿಲಕ್ಕೂ ಗಡಿಯೇ ಇಲ್ಲದ ಕ್ರಾಂತಿಕ ಸ್ಥಿತಿಯ ಇಂಗಾಲದ ಡೈಆಕ್ಸೈಡಿನಲ್ಲಿ ಒಣಗಿಸುವುದರಿಂದ ಇದು ತಪ್ಪುತ್ತದೆ.

ಸಿಲಿಕಾನ್, ಸಿಲಿಕಾನ್ ನೈಟ್ರೈಡ್ ಹೆಚ್ಚು ಬಳಕೆಯ ವಸ್ತುಗಳು. ಎಸ್‌ಯು-8 ಎಂಬ ಪಾಲಿಮರ್ ಮೃದುವಾದ್ದರಿಂದ ಹೆಚ್ಚು ಬಾಗುತ್ತದೆ, ತಯಾರಿಕೆಯ ಖರ್ಚೂ ಕಡಿಮೆ. ಅತಿ ಕಿರಿಯ ಅಳತೆಗೆ ಇಂಗಾಲದ ನ್ಯಾನೊನಳಿಕೆ ಮತ್ತು ಗ್ರಾಫೀನ್ ಬಳಕೆಯಾಗಿವೆ.

ಬರಿಯ ತೊಲೆಗೆ ಯಾವುದನ್ನು ಹಿಡಿಯಬೇಕೆಂಬ ವಿವೇಚನೆ ಇಲ್ಲ. ಅದನ್ನು ಕೊಡುವುದು ಮೇಲ್ಮೈಯ ಗ್ರಾಹಕ ಪದರ. ತೊಲೆಯ ಒಂದು ಬದಿಗೆ ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಚಿನ್ನವನ್ನು ಲೇಪಿಸಿ, ಗಂಧಕವುಳ್ಳ ಥಯಾಲ್ ಅಣುಗಳ ಮೂಲಕ ಡಿಎನ್‌ಎ ಅಥವಾ ಪ್ರತಿಕಾಯವನ್ನು ಅದಕ್ಕೆ ಕಟ್ಟುವುದು ಒಂದು ಕ್ರಮ. ಸಿಲಿಕಾನಿನ ಮೇಲೆ ನೇರವಾಗಿ ಸಿಲೇನ್ ಅಣುಗಳಿಂದ ಕಟ್ಟುವುದು ಇನ್ನೊಂದು. ಉಳಿದ ಖಾಲಿ ಜಾಗವನ್ನು ಅಲ್ಬುಮಿನ್ ಅಥವಾ ಪಾಲಿಎಥಿಲೀನ್ ಗ್ಲೈಕಾಲಿನಿಂದ ಮುಚ್ಚುತ್ತಾರೆ. ಇಲ್ಲದಿದ್ದರೆ ರಕ್ತದ್ರವದಲ್ಲಿರುವ ಬೇರೆ ಪ್ರೋಟೀನುಗಳು ಅಲ್ಲಿ ಕೂತು ಅಳತೆಯನ್ನು ಕೆಡಿಸುತ್ತವೆ. ತೂಕಕ್ಕೆ ಹೆಸರಿಲ್ಲ: ಬೇಕಾದ ಪ್ರೋಟೀನು ಅಂಟಿತೋ ಬೇಡದ್ದು ಅಂಟಿತೋ ಎಂಬುದನ್ನು ಆವೃತ್ತಿಯೊಂದೇ ಹೇಳಲಾರದು. ಇದಕ್ಕಾಗಿ ಗ್ರಾಹಕವಿಲ್ಲದ ಒಂದು ಆಧಾರತೊಲೆಯನ್ನು ಪಕ್ಕದಲ್ಲೇ ಇರಿಸಿ, ಎರಡರ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ರೂಢಿ.

ಅಲುಗಿಸುವ ಮತ್ತು ಓದುವ ವಿಧಾನಗಳು

ತೊಲೆಯನ್ನು ಅಲುಗಿಸಲು ಅದರ ಬುಡದಲ್ಲಿ ಪೀಜೋವಿದ್ಯುತ್ ತುಣುಕು ಇರಿಸಬಹುದು, ಸ್ಥಿರವಿದ್ಯುತ್ ಬಲವನ್ನು ಹಚ್ಚಬಹುದು, ಇಲ್ಲವೆ ಮಿಡಿಯುವ ಲೇಸರಿನಿಂದ ಬುಡವನ್ನು ಕಾಯಿಸಿ ಆರಿಸಬಹುದು. ಹೊರಗಿನ ಒತ್ತಾಯವಿಲ್ಲದೆ, ಉಷ್ಣದಿಂದಾಗುವ ಸಹಜ ನಡುಕವನ್ನೇ ಅಳೆಯುವ ಕ್ರಮವೂ ಇದೆ.

ಚಲನೆಯನ್ನು ಓದುವುದಕ್ಕೆ ಹೆಚ್ಚಾಗಿ ತೊಲೆಯ ಬೆನ್ನಿನಿಂದ ಪ್ರತಿಫಲಿಸಿದ ಲೇಸರ್ ಕಿರಣದ ಸ್ಥಾನವನ್ನು ಬೆಳಕಿನ ಸಂವೇದಕದಿಂದ ಗುರುತಿಸುತ್ತಾರೆ. ಬೆಳಕಿನ ತರಂಗಗಳ ವ್ಯತಿಕರಣ ಇನ್ನಷ್ಟು ಸೂಕ್ಷ್ಮ. ಬಾಗಿದಾಗ ವಿದ್ಯುತ್ ರೋಧ ಬದಲಾಗುವ ಪೀಜೋರೋಧಕ ಪಟ್ಟಿಯನ್ನು ತೊಲೆಯೊಳಗೇ ಸೇರಿಸಿದರೆ ಲೇಸರ್ ಬೇಕಾಗುವುದಿಲ್ಲ. ಪ್ರಯೋಗಾಲಯದಿಂದ ಹೊರಗೆ ಒಯ್ಯುವ ಉಪಕರಣಗಳಿಗೆ ಇದು ಅನುಕೂಲ.

ದ್ರವದ ಸಮಸ್ಯೆ

ಈ ಸಂವೇದಕದ ಇತಿಹಾಸವನ್ನು ನಿರ್ಧರಿಸಿದ್ದು ನೀರು. ಜೀವಕೋಶಗಳೂ ಪ್ರೋಟೀನುಗಳೂ ತಮ್ಮ ಸಹಜ ಸ್ಥಿತಿಯಲ್ಲಿರುವುದು ನೀರಿನಲ್ಲಿ. ತೊಲೆ ಚೆನ್ನಾಗಿ ಕಂಪಿಸುವುದು ನಿರ್ವಾತದಲ್ಲಿ. ನಿರ್ವಾತದಲ್ಲಿ ಹತ್ತಾರು ಸಾವಿರದಷ್ಟಿರಬಲ್ಲ ಕ್ಯೂ ಬೆಲೆ ಗಾಳಿಯಲ್ಲಿ ಹತ್ತುಗಳಿಂದ ನೂರುಗಳ ಮಟ್ಟಕ್ಕೂ ನೀರಿನಲ್ಲಿ ಹಲವು ಸಲ ಹತ್ತಕ್ಕಿಂತ ಕೆಳಗೂ ಇಳಿಯುತ್ತದೆ. ನೀರಿನ ಸ್ನಿಗ್ಧತೆ ಕಂಪನದ ಶಕ್ತಿಯನ್ನು ಹೀರುತ್ತದೆ. ಜೊತೆಗೆ ತೊಲೆ ತನ್ನ ಸುತ್ತಲಿನ ನೀರನ್ನೂ ಹೊತ್ತು ಅಲುಗಬೇಕಾಗುವುದರಿಂದ ಅದರ ಪರಿಣಾಮಕಾರಿ ರಾಶಿ ಏರಿ ಆವೃತ್ತಿ ಕುಸಿಯುತ್ತದೆ. ಅಳೆಯಬೇಕಾದ ಬ್ಯಾಕ್ಟೀರಿಯಾದ ರಾಶಿ ಈ ಹೊರೆಯ ಮುಂದೆ ಮರೆಯಾಗುತ್ತದೆ.

ಮೊದಲ ದಶಕದ ಬಹುಪಾಲು ಪ್ರಯೋಗಗಳು ತೊಲೆಯನ್ನು ದ್ರಾವಣದಲ್ಲಿ ಅದ್ದಿ, ತೊಳೆದು, ಒಣಗಿಸಿ, ಬಳಿಕ ಗಾಳಿ ಅಥವಾ ನಿರ್ವಾತದಲ್ಲಿ ಅಳೆದವು. ಇದರಿಂದ ಸೂಕ್ಷ್ಮತೆ ಸಿಕ್ಕಿತು, ಆದರೆ ಜೀವಂತಿಕೆ ಹೋಯಿತು. ಒಣಗಿದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಒಣಗುವಾಗ ಉಳಿಯುವ ಲವಣದ ಹರಳುಗಳಿಗೂ ತೂಕವಿದೆ.

ಈ ಇಕ್ಕಟ್ಟಿಗೆ ಅತ್ಯಂತ ಸೊಗಸಾದ ಪರಿಹಾರ ಬಂದದ್ದು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಕಾಟ್ ಮನಾಲಿಸ್ ಅವರ ಪ್ರಯೋಗಾಲಯದಿಂದ. ಥಾಮಸ್ ಬರ್ಗ್ ಮತ್ತು ಮನಾಲಿಸ್ 2003ರಲ್ಲಿ ಮಂಡಿಸಿದ, 2007ರಲ್ಲಿ ಸಂಗಡಿಗರೊಂದಿಗೆ ಪೂರ್ಣರೂಪದಲ್ಲಿ ಪ್ರಕಟಿಸಿದ ತೂಗುನಾಲೆ ಅನುರಣಕದಲ್ಲಿ ತೊಲೆಯನ್ನು ನೀರಿನಲ್ಲಿ ಇಡುವುದಿಲ್ಲ. ನೀರನ್ನೇ ತೊಲೆಯೊಳಗೆ ಹರಿಸುತ್ತಾರೆ. ಟೊಳ್ಳಾದ ಕ್ಯಾಂಟಿಲಿವರಿನಲ್ಲಿ ಕೆಲವೇ ಮೈಕ್ರೊಮೀಟರ್ ಅಗಲದ ನಾಲೆ ಬುಡದಿಂದ ತುದಿಗೆ ಹೋಗಿ ಮರಳಿ ಬುಡಕ್ಕೆ ಬರುತ್ತದೆ. ತೊಲೆಯ ಹೊರಗೆ ನಿರ್ವಾತ. ಅದರ ಕ್ಯೂ ಬೆಲೆ 15,000ದವರೆಗೆ ಇತ್ತು; ಒಳಗೆ ನೀರು ತುಂಬಿದ್ದರೂ ಅದು ಹೆಚ್ಚು ಕುಗ್ಗಲಿಲ್ಲ. ಜೀವಕೋಶ ನಾಲೆಯಲ್ಲಿ ಸಾಗಿ ತುದಿ ತಲಪಿದಾಗ ಆವೃತ್ತಿ ಅತಿ ಕೆಳಮಟ್ಟಕ್ಕೆ ಇಳಿದು, ಹೊರಟಾಗ ಮೊದಲಿನ ಬೆಲೆಗೆ ಮರಳುತ್ತದೆ. ಅಂಟಿಸುವ ಅಗತ್ಯವೇ ಇಲ್ಲ. ಫೆಮ್ಟೋಗ್ರಾಮಿಗಿಂತ ಕಡಿಮೆ ವ್ಯತ್ಯಾಸವೂ ಇದರಲ್ಲಿ ತಿಳಿಯುತ್ತದೆ.

ಇಲ್ಲಿ ಅಳತೆಗೆ ಸಿಗುವುದು ಕೋಶದ ಪೂರ್ಣ ರಾಶಿಯಲ್ಲ, ಅದು ಪಕ್ಕಕ್ಕೆ ತಳ್ಳಿದ ದ್ರವದ ರಾಶಿಯನ್ನು ಕಳೆದು ಉಳಿದದ್ದು. ಇದನ್ನು ಪ್ಲವನ ರಾಶಿ ಎನ್ನುತ್ತಾರೆ. ನೀರಿಗಿಂತ ಹತ್ತನೇ ಒಂದು ಪಾಲು ಹೆಚ್ಚು ಸಾಂದ್ರವಾದ, 100 ಪಿಕೋಗ್ರಾಮಿನ ಕೋಶದ ಪ್ಲವನ ರಾಶಿ ಸುಮಾರು 9 ಪಿಕೋಗ್ರಾಂ. ದ್ರವದಷ್ಟೇ ಸಾಂದ್ರತೆಯ ಕಣವೊಂದು ಹಾದುಹೋದರೆ ಆವೃತ್ತಿ ಕದಲುವುದೇ ಇಲ್ಲ. ದ್ರವಕ್ಕಿಂತ ಹಗುರವಾದ ಎಣ್ಣೆಯ ಹನಿ ಹಾದುಹೋದರೆ ಏರುತ್ತದೆ. ಒಂದೇ ಕೋಶವನ್ನು ಬೇರೆ ಬೇರೆ ಸಾಂದ್ರತೆಯ ಎರಡು ದ್ರವಗಳಲ್ಲಿ ತೂಗಿದರೆ ಅದರ ರಾಶಿ, ಗಾತ್ರ, ಸಾಂದ್ರತೆ ಮೂರೂ ದೊರೆಯುತ್ತವೆ. 2011ರಲ್ಲಿ ಇದೇ ಪ್ರಯೋಗಾಲಯ ಒಂಟಿ ಕೋಶಗಳ ಸಾಂದ್ರತೆಯನ್ನು ಈ ಕ್ರಮದಲ್ಲಿ ಅಳೆಯಿತು.

ದ್ರವದೊಳಗೇ ಉಳಿದು ಅಳೆಯುವ ಇನ್ನೊಂದು ಮಾರ್ಗವೂ ಬೆಳೆಯಿತು. ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪಿಕೋತಕ್ಕಡಿಯಲ್ಲಿ ಪ್ರಾಣಿಕೋಶವೊಂದು ಪೋಷಕದ್ರವದಲ್ಲಿಯೇ ಕ್ಯಾಂಟಿಲಿವರಿಗೆ ಅಂಟಿಕೊಂಡು ಬದುಕಿರುತ್ತದೆ, ಮಿಡಿಯುವ ಬೆಳಕು ತೊಲೆಯನ್ನು ಅಲುಗಿಸುತ್ತದೆ. ಕೋಶದ ರಾಶಿ ಕೆಲವೇ ಸೆಕೆಂಡುಗಳ ಅಂತರದಲ್ಲಿ ಶೇ. 1ರಿಂದ 4ರಷ್ಟು ಏರಿಳಿಯುತ್ತಿರುತ್ತದೆ ಎಂಬುದು ಅದರಿಂದ ತಿಳಿಯಿತು. ಈ ಏರಿಳಿತಕ್ಕೂ ಕೋಶದ ನೀರಿನ ಸಾಗಣೆಗೂ ಶಕ್ತಿ ಉತ್ಪಾದನೆಗೂ ಸಂಬಂಧವಿದೆಯೆಂದು ಅವರು ತೋರಿಸಿದರು.

ವಿಧಗಳು

ಕ್ಯಾಂಟಿಲಿವರ್ ಅತ್ಯಂತ ಸರಳವಾದುದು, ಹೆಚ್ಚು ಪ್ರಚಲಿತವಾದುದು. ಸೇತುತೊಲೆ ಎರಡೂ ಕಡೆ ಬಂಧಿತವಾದ್ದರಿಂದ ಹೆಚ್ಚು ಆವೃತ್ತಿಯಲ್ಲಿ ಕಂಪಿಸುತ್ತದೆ. ನ್ಯಾನೊ ಅಳತೆಯ ಸಂವೇದಕಗಳಲ್ಲಿ ಇದು ಸಾಮಾನ್ಯ. ತೂಗುನಾಲೆ ಅನುರಣಕವನ್ನು ಮೇಲೆ ವಿವರಿಸಿದೆ. ನಾಲೆಯನ್ನು ನ್ಯಾನೊ ಅಳತೆಗೆ ಇಳಿಸಿದ ರೂಪದಿಂದ ದ್ರವದಲ್ಲಿ ಆಟೋಗ್ರಾಂ ಮಟ್ಟದ ಕಣಗಳನ್ನು ತೂಗಲಾಗಿದೆ. ನಾಲ್ಕು ಸ್ಪ್ರಿಂಗ್ ಕಾಲುಗಳ ಮೇಲೆ ನಿಂತ ಪೀಠದ ರೂಪವೂ ಇದೆ. ಪೀಠದ ಮೇಲ್ಮೈ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಅಲುಗುವುದರಿಂದ, ತಳಕ್ಕೆ ಅಂಟಿ ಬೆಳೆಯುವ ಕೋಶ ಎಲ್ಲಿ ಕುಳಿತರೂ ಅಳತೆ ಬದಲಾಗುವುದಿಲ್ಲ.

ಅತಿ ಸೂಕ್ಷ್ಮತೆಯ ಕಡೆಯಲ್ಲಿ ಇಂಗಾಲದ ನ್ಯಾನೊನಳಿಕೆಯ ಅನುರಣಕಗಳಿವೆ. ಬಾರ್ಸಿಲೋನಾದ ಏಡ್ರಿಯನ್ ಬಾಕ್ಟೋಲ್ಡ್ ಅವರ ತಂಡ 2012ರಲ್ಲಿ 1.7 ಯೋಕ್ಟೋಗ್ರಾಂ, ಅಂದರೆ ಒಂದು ಪ್ರೋಟಾನಿನಷ್ಟು ರಾಶಿಯ ವ್ಯತ್ಯಾಸವನ್ನು ತಿಳಿಯಬಲ್ಲ ನಳಿಕೆಯನ್ನು ವರದಿಮಾಡಿತು. ಆ ಅಳತೆ ನಡೆದದ್ದು ಗಾಢ ನಿರ್ವಾತದಲ್ಲಿ, ಅತಿ ಶೀತದಲ್ಲಿ. ಜೈವಿಕ ದ್ರಾವಣದಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಅಳತೆಯ ದೋಷಗಳು

ಆವೃತ್ತಿಯ ಬದಲಾವಣೆ ರಾಶಿಯನ್ನು ಮಾತ್ರ ಹೇಳುವುದಿಲ್ಲ. ಕಣ ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ತುದಿಯಲ್ಲಿ ಕೂತ ಕಣ ಉಂಟುಮಾಡುವ ಇಳಿತಕ್ಕೆ ಹೋಲಿಸಿದರೆ ತೊಲೆಯ ನಟ್ಟನಡುವೆ ಕೂತ ಅದೇ ಕಣದ ಪರಿಣಾಮ ಶೇ. 12ಕ್ಕಿಂತ ಕಡಿಮೆ, ಬುಡದಲ್ಲಿ ಅದು ಸೊನ್ನೆ. ಇದಕ್ಕೆ ಮದ್ದು ತೊಲೆಯನ್ನು ಒಂದೇ ಸಮಯದಲ್ಲಿ ಎರಡು ಕಂಪನ ವಿಧಗಳಲ್ಲಿ ಅಲುಗಿಸುವುದು. ಕ್ಯಾಂಟಿಲಿವರಿನ ಎರಡನೆಯ ವಿಧದ ಆವೃತ್ತಿ ಮೊದಲಿನದರ ಸುಮಾರು 6.27 ಪಟ್ಟು, ಮತ್ತು ಅದರಲ್ಲಿ ಬುಡದಿಂದ ಶೇ. 78ರಷ್ಟು ದೂರದಲ್ಲಿ ಅಲುಗದ ನಿಸ್ಪಂದ ಬಿಂದುವೊಂದಿದೆ. ಒಂದೇ ಕಣ ಎರಡು ವಿಧಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಇಳಿಸುವುದರಿಂದ ಎರಡು ಅಳತೆಗಳಿಂದ ಸ್ಥಾನ, ರಾಶಿ ಎರಡನ್ನೂ ಬಿಡಿಸಬಹುದು. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಮೈಕೆಲ್ ರೂಕ್ಸ್ ಅವರ ತಂಡ 2012ರಲ್ಲಿ ಈ ಕ್ರಮದಿಂದ ಒಂಟಿ ಪ್ರೋಟೀನ್ ಅಣುಗಳನ್ನು, ಅವು ತೊಲೆಗೆ ಬಂದು ಬೀಳುತ್ತಿದ್ದಂತೆಯೇ ತೂಗಿತು.

ಎರಡನೆಯ ದೋಷ ಬಿಗುವಿನದು. ಅಂಟಿದ ಬ್ಯಾಕ್ಟೀರಿಯಾ ತೊಲೆಗೆ ರಾಶಿಯನ್ನು ಕೂಡಿಸುವಂತೆ ಗಡಸುತನವನ್ನೂ ಕೂಡಿಸುತ್ತದೆ. ತೊಲೆ ಹೆಚ್ಚು ಬಾಗುವುದು ಬುಡದಲ್ಲಿ. ಅಲ್ಲಿ ಕೂತ ಬ್ಯಾಕ್ಟೀರಿಯಾಗಳಿಂದ ಆವೃತ್ತಿ ಇಳಿಯುವ ಬದಲು ಏರಬಹುದು. ಮ್ಯಾಡ್ರಿಡ್‌ನ ಹಾವಿಯೆರ್ ತಮಾಯೊ ಅವರ ತಂಡ 2006ರಲ್ಲಿ ಇದನ್ನು ತೋರಿಸಿದ ಬಳಿಕ ಹಿಂದಿನ ಹಲವು ಅಳತೆಗಳ ಅರ್ಥೈಕೆಯಲ್ಲಿ ಎಚ್ಚರ ಅಗತ್ಯವಾಯಿತು. ತೊಲೆಯ ಮೇಲೆಲ್ಲ ಗ್ರಾಹಕವನ್ನು ಹಚ್ಚದೆ ತುದಿಗೆ ಮಾತ್ರ ಹಚ್ಚುವುದು ಇದರ ಸರಳ ಪರಿಹಾರ.

ತಾಪದ ಪರಿಣಾಮವೂ ಸಣ್ಣದಲ್ಲ. ಸಿಲಿಕಾನ್ ತೊಲೆಯ ಆವೃತ್ತಿ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 30 ಭಾಗ ಇಳಿಯುತ್ತದೆ. ಮೇಲಿನ ಉದಾಹರಣೆಯ ತೊಲೆಯಲ್ಲಿ ಇದು ಡಿಗ್ರಿಗೆ ಸುಮಾರು 4 ಹರ್ಟ್ಸ್, ಅಂದರೆ ಒಂದು ಬ್ಯಾಕ್ಟೀರಿಯಾದ ಹದಿನೈದನೇ ಒಂದು ಭಾಗದಷ್ಟು ತೂಕದ ಭ್ರಮೆ.

ಉಪಯೋಗಗಳು

ಒಂಟಿ ಕೋಶದ ಬೆಳವಣಿಗೆಯ ಅಧ್ಯಯನ ಈ ಸಾಧನದಿಂದ ಆಗಿರುವ ಅತಿ ಮಹತ್ತ್ವದ ವೈಜ್ಞಾನಿಕ ಲಾಭ. ಬೆಳೆಯುವ ಕೋಶ ನಿಗದಿತ ವೇಗದಲ್ಲಿ ತೂಕ ಗಳಿಸುತ್ತದೆಯೇ, ದೊಡ್ಡದಾದಂತೆ ವೇಗ ಹೆಚ್ಚುತ್ತದೆಯೇ ಎಂಬುದು ಜೀವಶಾಸ್ತ್ರದಲ್ಲಿ ಬಹುಕಾಲ ಚರ್ಚೆಯಲ್ಲಿದ್ದ ಪ್ರಶ್ನೆ. ಅದಕ್ಕೆ ಬೇಕಾದಷ್ಟು ನಿಖರವಾದ ತಕ್ಕಡಿ ಇರಲಿಲ್ಲ. 2010ರಲ್ಲಿ ಮನಾಲಿಸ್ ತಂಡ ಕೋಶವನ್ನು ತೂಗುನಾಲೆಯಲ್ಲಿ ಹಿಂದೆ ಮುಂದೆ ಹರಿಸಿ ಮತ್ತೆ ಮತ್ತೆ ತೂಗಿತು. ಎರಡು ಬಗೆಯ ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಇಲಿಯ ಬಿಳಿರಕ್ತಕೋಶಗಳಲ್ಲಿ ಭಾರವಾದ ಕೋಶಗಳೇ ಹೆಚ್ಚು ವೇಗವಾಗಿ ಬೆಳೆಯುವುದು ಕಂಡುಬಂದಿತು.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಗಿಯ ಗಡ್ಡೆಯ ಕೋಶಗಳಿಗೆ ಔಷಧಿ ಕೊಟ್ಟು ಅವು ತೂಕ ಗಳಿಸುವ ವೇಗ ತಗ್ಗುತ್ತದೆಯೇ ಎಂದು ನೋಡುವ ವಿಧಾನ ಇದರಿಂದಲೇ ಬೆಳೆಯಿತು. ಔಷಧಿಗೆ ಬಗ್ಗುವ ಕೋಶ ಸಾಯುವ ಮುನ್ನವೇ ಅದರ ತೂಕಗಳಿಕೆ ಬದಲಾಗುವುದರಿಂದ ಫಲಿತಾಂಶ ಬೇಗ ಸಿಗುತ್ತದೆ.

ಬ್ಯಾಕ್ಟೀರಿಯಾಗಳ ಪ್ರತಿಜೀವಕ ನಿರೋಧದ ಪರೀಕ್ಷೆ ಈ ವಿಧಾನದ ನೆರೆಯ ಕವಲು. ಲಾಸಾನ್‌ನ ಸಂಶೋಧಕರು 2013ರಲ್ಲಿ ಕ್ಯಾಂಟಿಲಿವರಿಗೆ ಅಂಟಿಸಿದ ಜೀವಂತ ಬ್ಯಾಕ್ಟೀರಿಯಾಗಳು ಅದನ್ನು ಸದಾ ನಡುಗಿಸುವುದನ್ನೂ, ತಕ್ಕ ಪ್ರತಿಜೀವಕ ಕೊಟ್ಟಾಗ ನಿಮಿಷಗಳಲ್ಲಿ ಆ ನಡುಕ ತಗ್ಗುವುದನ್ನೂ ವರದಿಮಾಡಿದರು. ಇಲ್ಲಿ ಅಳೆಯುವುದು ರಾಶಿಯನ್ನಲ್ಲ, ಜೀವದ ಚಲನೆಯನ್ನು. ಸಾಧನ ಮಾತ್ರ ಅದೇ.

ಪ್ರೋಟೀನ್ ಔಷಧಿಗಳ ತಯಾರಿಕೆಯಲ್ಲಿ ತೂಗುನಾಲೆ ಅನುರಣಕಕ್ಕೆ ನಿಶ್ಚಿತ ಸ್ಥಾನ ದೊರೆತಿದೆ. ತುಂಬಿಟ್ಟ ಸಿರಿಂಜುಗಳ ಒಳಗೆ ಹಚ್ಚಿರುವ ಸಿಲಿಕೋನ್ ಎಣ್ಣೆಯ ಹನಿಗಳೂ ಗಟ್ಟಿಗೊಂಡ ಪ್ರೋಟೀನ್ ಕಣಗಳೂ ಬೆಳಕಿನ ಉಪಕರಣಗಳಿಗೆ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆ. ತೂಗುನಾಲೆಯಲ್ಲಿ ಎಣ್ಣೆ ಆವೃತ್ತಿಯನ್ನು ಏರಿಸುತ್ತದೆ, ಪ್ರೋಟೀನ್ ಇಳಿಸುತ್ತದೆ. ಎರಡರ ಗುರುತು ಒಂದೇ ಅಳತೆಯಲ್ಲಿ ಸಿಗುತ್ತದೆ.

ದ್ರವ್ಯರಾಶಿ ರೋಹಿತಮಾಪನದಲ್ಲಿ ನ್ಯಾನೊತೊಲೆ ಹೊಸ ಹಾದಿ ತೆರೆದಿದೆ. ಸಾಂಪ್ರದಾಯಿಕ ಯಂತ್ರ ಅಣುವಿಗೆ ವಿದ್ಯುದಾವೇಶ ಕೊಟ್ಟು, ರಾಶಿಗೂ ಆವೇಶಕ್ಕೂ ಇರುವ ಅನುಪಾತವನ್ನು ಅಳೆಯುತ್ತದೆ. ವೈರಸ್‌ನಂಥ ದೊಡ್ಡ ಕಣಗಳಲ್ಲಿ ಆವೇಶವನ್ನು ನಿಶ್ಚಯಿಸುವುದು ಕಷ್ಟ. ತೊಲೆಗೆ ಆವೇಶ ಬೇಕಿಲ್ಲ. ಫ್ರಾನ್ಸಿನ ಗ್ರೆನೋಬಲ್ ನಗರದ ಸಂಶೋಧಕರು 2018ರಲ್ಲಿ ಬ್ಯಾಕ್ಟೀರಿಯಾಗಳನ್ನು ಕಾಡುವ ಟಿ5 ವೈರಸ್ಸಿನ ಕವಚವನ್ನು ಒಳಗಿನ ಡಿಎನ್‌ಎ ಸಮೇತ, ಆವೇಶವಿಲ್ಲದ ಸ್ಥಿತಿಯಲ್ಲೇ ತೂಗಿದರು. ಅದರ ರಾಶಿ 10 ಕೋಟಿ ಡಾಲ್ಟನ್ನಿಗೂ ಮೀರಿದ್ದು.

ಭಾರತದಲ್ಲಿ

ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ವಿ. ರಾಮಗೋಪಾಲ ರಾವ್ ಅವರ ತಂಡ ಎಸ್‌ಯು-8 ಪಾಲಿಮರಿನ ಪೀಜೋರೋಧಕ ಕ್ಯಾಂಟಿಲಿವರುಗಳನ್ನು ಹೃದಯಾಘಾತದ ರಕ್ತಸೂಚಕಗಳ ಪತ್ತೆಗಾಗಿ ರೂಪಿಸಿತು. ಅದೇ ತಂತ್ರದಿಂದ ಸ್ಫೋಟಕಗಳ ಆವಿಯನ್ನು ಗುರುತಿಸುವ ಉಪಕರಣಗಳ ಕಡೆಗೂ ಕೆಲಸ ಸಾಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಸೂಕ್ಷ್ಮ ಮತ್ತು ನ್ಯಾನೊ ಅನುರಣಕಗಳ ಅಧ್ಯಯನ ನಡೆಯುತ್ತಿದೆ. ಒಂಟಿ ಪ್ರೋಟೀನ್ ಅಣುಗಳು ನ್ಯಾನೊತೊಲೆಗೆ ತಾಗಿದಾಗ ಆವೃತ್ತಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದನ್ನು 2009ರಲ್ಲಿ ರೂಕ್ಸ್ ತಂಡದಿಂದ ವರದಿಮಾಡಿದ ಲೇಖನದ ಮೊದಲ ಲೇಖಕ ಅಕ್ಷಯ್ ನಾಯಕ್ ಮುಂದೆ ಈ ಕೇಂದ್ರದ ಅಧ್ಯಾಪಕರಾದರು. ಈ ಕೇಂದ್ರ ಮತ್ತು ಮುಂಬಯಿಯ ಸಂಸ್ಥೆ ತಮ್ಮ ತಯಾರಿಕಾ ಸೌಲಭ್ಯವನ್ನು ಭಾರತೀಯ ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮದ ಮೂಲಕ ಇತರ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ತೆರೆದಿವೆ. ತೊಲೆಯನ್ನು ತಯಾರಿಸಬಲ್ಲ ಧೂಳುಮುಕ್ತ ಕೊಠಡಿ ಪ್ರತಿ ಸಂಸ್ಥೆಗೂ ನಿಲುಕದ ವೆಚ್ಚವಾದ್ದರಿಂದ ಈ ಕ್ಷೇತ್ರಕ್ಕೆ ಇದು ದೊಡ್ಡ ಆಸರೆ.

ಇಂದಿನ ಸ್ಥಿತಿ

ಆಸ್ಪತ್ರೆಗಳ ದಿನನಿತ್ಯದ ರೋಗಪತ್ತೆಯಲ್ಲಿ ಕಂಪನ ತೊಲೆಗಳು ಎಲೈಸಾ, ಪಿಸಿಆರ್ ಪರೀಕ್ಷೆಗಳ ಸ್ಥಾನವನ್ನು ಪಡೆದಿಲ್ಲ. ಮುಖ್ಯ ಅಡ್ಡಿ ಸೂಕ್ಷ್ಮತೆಯ ಕೊರತೆಯಲ್ಲ. ರಕ್ತದಂಥ ಸಂಕೀರ್ಣ ದ್ರವದಲ್ಲಿ ಬೇಡದ ಅಣುಗಳು ಅಂಟುವುದು, ಗ್ರಾಹಕ ಪದರ ಒಂದೊಂದು ತೊಲೆಯಲ್ಲಿ ಒಂದೊಂದು ರೀತಿ ಕೂರುವುದು, ತಾಪ ಮತ್ತು ಹರಿವಿನ ಏರಿಳಿತ ಇವು ನಿಜವಾದ ತೊಡಕುಗಳು. ಅಂಟಿಸುವ ಅಗತ್ಯವಿಲ್ಲದ ತೂಗುನಾಲೆ ಈ ತೊಡಕುಗಳಿಂದ ಬಹುಮಟ್ಟಿಗೆ ಪಾರಾದದ್ದರಿಂದಲೇ ಅದು ಮಾರುಕಟ್ಟೆಯ ಉಪಕರಣವಾಗಿ ನೆಲೆಗೊಂಡಿತು; ಆರ್ಕಿಮಿಡೀಸ್ ಎಂಬ ಹೆಸರಿನ ಕಣಮಾಪಕ ಇದೇ ತತ್ತ್ವದ್ದು.

ತೊಲೆಯನ್ನು ಕಿರಿದಾಗಿಸುವ ಹಾದಿಗೂ ಒಂದು ಮಿತಿಯಿದೆ. ಸೂಕ್ಷ್ಮತೆ ಹೆಚ್ಚಿದಂತೆ ಕಣವನ್ನು ಹಿಡಿಯುವ ಮೇಲ್ಮೈ ಕುಗ್ಗುತ್ತದೆ. ಅತಿ ವಿರಳವಾದ ದ್ರಾವಣದಲ್ಲಿ ಒಂದು ಅಣು ಅಲೆದಾಡಿ ನ್ಯಾನೊತೊಲೆಯನ್ನು ತಲಪಲು ಬಹಳ ಹೊತ್ತು ಹಿಡಿಯಬಹುದು, ಕಣಗಳನ್ನು ನಿರ್ವಾತದಲ್ಲಿ ತೂರಿದಾಗ ಹೆಚ್ಚಿನವು ತೊಲೆಯನ್ನು ತಪ್ಪಿಸಿ ಹೋಗುತ್ತವೆ. ಗ್ರೆನೋಬಲ್ ತಂಡ ಇದಕ್ಕಾಗಿ ಬೇರೆ ಬೇರೆ ಆವೃತ್ತಿಯ ಇಪ್ಪತ್ತು ಅನುರಣಕಗಳನ್ನು ಜೋಡಿಸಿ, ಎಲ್ಲವನ್ನೂ ಒಟ್ಟಾಗಿ ಓದುವ ವ್ಯವಸ್ಥೆಯನ್ನು 2018ರಲ್ಲಿ ಪ್ರಕಟಿಸಿತು. ಕಣ ಬಿದ್ದಾಗ ಯಾವ ಆವೃತ್ತಿ ಕದಲಿತು ಎಂಬುದರಿಂದಲೇ ಅದು ಯಾವ ತೊಲೆಗೆ ಬಿತ್ತೆಂದು ತಿಳಿಯುತ್ತದೆ.